ಬೆಟ್ಟದ ವರದಿ ಊರಿಗೂ ಬರಲಿ

(ಮಡಿಕೇರಿಯಲ್ಲಿ ನಡೆದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ಮಾತನಾಡಲಿರುವ ವಿಷಯ ಮೇಲ್ನೋಟಕ್ಕೆ ನೀರಸವೆಂದು ತೋರಬಹುದು. ಸರ್ಕಾರದ ಹಣದಿಂದ ನಡೆಯುವ ವೈಜ್ಞಾನಿಕ ಸಂಶೋಧನೆಯ ವರದಿಗಳು ಅಂತರ್ಜಾಲದ ಮೂಲಕ ಹೇಗೆ ಸಲ್ಲಿಕೆಯಾಗುತ್ತವೆ, ಸಲ್ಲಿಕೆಯಾದ ಮೇಲೆ ಎಲ್ಲಿ ಉಳಿಯುತ್ತವೆ ಎಂಬುದೇ ಆ ವಿಷಯ. ಮರ, ಆನೆ, ನದಿ, ಹೆದ್ದಾರಿಗಳ ಬಗ್ಗೆ ಚಿಂತಿಸುವ ನಮಗೆ ಕಚೇರಿಯ ಈ ಕಾಗದಪತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಈ ಬೆಟ್ಟದಲ್ಲಿ ಯಾವ ಬರೆಯನ್ನು ಕಡಿಯಬಹುದು, ಯಾವ ಕಣಿವೆಯಲ್ಲಿ ಮನೆ ಕಟ್ಟಬಾರದು, ಯಾವ ಗ್ರಾಮ ಪರಿಸರ ಸೂಕ್ಷ್ಮ ವಲಯಕ್ಕೆ ಸೇರಬೇಕು ಎಂಬ ತೀರ್ಮಾನಗಳೆಲ್ಲ ಇಂದು ಯಾವುದಾದರೊಂದು ವರದಿಯನ್ನು ಆಧರಿಸಿ ಆಗುತ್ತಿವೆ. ಆ ವರದಿಯನ್ನು ಓದಿದವನ ಮಾತಿಗೆ ಬೆಲೆಯಿದೆ. ಓದದವನ ಮಾತು ಗದ್ದಲವೆನಿಸಿಕೊಳ್ಳುತ್ತದೆ.

ಕೊಡಗು ಚಿಕ್ಕ ಜಿಲ್ಲೆಯಾದರೂ ಇಲ್ಲಿ ವಿಜ್ಞಾನಕ್ಕೆ ಕೊರತೆಯಿಲ್ಲ. ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇವೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಬೆಂಗಳೂರು, ಮೈಸೂರು, ಮಂಗಳೂರು, ಪುದುಚೇರಿಗಳಿಂದಲೂ ಸಂಶೋಧಕರು ಬರುತ್ತಾರೆ. ನಮ್ಮ ಸಾವಿರಕ್ಕೂ ಮಿಕ್ಕಿದ ದೇವರಕಾಡುಗಳು, ಕಾಫಿ ತೋಟದ ನೆರಳು ಮರಗಳು, ಕಾವೇರಿಯ ಉಪನದಿಗಳು ಎಷ್ಟೋ ಅಧ್ಯಯನಗಳ ವಸ್ತುವಾಗಿವೆ. ಅಧ್ಯಯನಕ್ಕೆ ಬಂದವರಿಗೆ ನಾವು ದಾರಿ ತೋರಿಸಿದ್ದೇವೆ, ಮರದ ಹೆಸರು ಹೇಳಿದ್ದೇವೆ, ಅಜ್ಜನ ಕಾಲದಿಂದ ತೋಟದಲ್ಲಿ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕವನ್ನು ಕೊಟ್ಟಿದ್ದೇವೆ. ಅವರು ಕಂಡುಕೊಂಡದ್ದು ನಮ್ಮ ಮನೆಬಾಗಿಲಿಗೆ ಮರಳಿ ಬಂದದ್ದು ಎಷ್ಟು ಬಾರಿ ಎಂಬುದನ್ನು ನಿಮ್ಮ ನಿಮ್ಮ ಊರಿನ ಅನುಭವದಿಂದ ನೀವೇ ಲೆಕ್ಕ ಹಾಕಿಕೊಳ್ಳಿ.

ವರದಿ ಸಾಗುವ ದಾರಿಯನ್ನು ಮೊದಲು ತಿಳಿಯೋಣ. ವಿಜ್ಞಾನಿಯೊಬ್ಬರು ಸಂಶೋಧನಾ ಪ್ರಸ್ತಾವವನ್ನು ಧನಸಹಾಯ ನೀಡುವ ಸಂಸ್ಥೆಗೆ ಅಂತರ್ಜಾಲದ ಮೂಲಕ ಕಳುಹಿಸುತ್ತಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆಗಳಿಗೆ ಇದಕ್ಕಾಗಿ ಪ್ರತ್ಯೇಕ ಜಾಲತಾಣಗಳಿವೆ. 2008ರ ಕಾಯ್ದೆಯಡಿ ರಚನೆಯಾಗಿದ್ದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನಾ ಮಂಡಳಿಗೂ ಅಂಥದೊಂದು ತಾಣವಿತ್ತು. 2023ರ ಕಾಯ್ದೆಯ ಮೂಲಕ ಅದರ ಕಾರ್ಯವನ್ನು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ವಹಿಸಲಾಯಿತು. ಪ್ರಸ್ತಾವ ಮಂಜೂರಾದರೆ ಹಣ ಕಂತುಗಳಲ್ಲಿ ಬರುತ್ತದೆ. ವರ್ಷಕ್ಕೊಮ್ಮೆ ಪ್ರಗತಿ ವರದಿ, ವೆಚ್ಚದ ಪಟ್ಟಿ ಮತ್ತು ಹಣ ಬಳಕೆಯ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಅವು ಇಲ್ಲದೆ ಮುಂದಿನ ಕಂತು ಬಿಡುಗಡೆಯಾಗುವುದು ಕಷ್ಟ. ಯೋಜನೆ ಮುಗಿದಾಗ ಮುಕ್ತಾಯ ವರದಿಯನ್ನು ಜಾಲತಾಣಕ್ಕೆ ಏರಿಸಬೇಕು. ಏನು ಗುರಿಯಿತ್ತು, ಏನು ಸಾಧಿಸಲಾಯಿತು, ಯಾವ ಪ್ರಬಂಧಗಳು ಪ್ರಕಟವಾದವು, ಯಾವ ಉಪಕರಣ ಕೊಳ್ಳಲಾಯಿತು, ಎಷ್ಟು ಜನ ತರಬೇತಿ ಪಡೆದರು ಎಂಬ ವಿವರಗಳನ್ನು ಅದರಲ್ಲಿ ತುಂಬಬೇಕಾಗುತ್ತದೆ.

ಈ ಏರ್ಪಾಡಿನಿಂದ ಒಳಿತಾಗಿದೆ ಎಂಬುದನ್ನು ಒಪ್ಪಬೇಕು. ಹಿಂದೆ ಕಾಗದದ ಕಟ್ಟುಗಳು ಅಂಚೆಯಲ್ಲಿ ದೆಹಲಿಗೆ ಹೋಗಿ ಯಾವುದೋ ಕಪಾಟಿನಲ್ಲಿ ಧೂಳು ಹಿಡಿಯುತ್ತಿದ್ದವು. ಈಗ ಸಲ್ಲಿಕೆಯ ದಿನಾಂಕ ದಾಖಲಾಗುತ್ತದೆ, ಹಣದ ಲೆಕ್ಕ ಬಿಗಿಯಾಗಿದೆ. ಆದರೆ ಈ ವ್ಯವಸ್ಥೆಯನ್ನು ಕಟ್ಟಿರುವುದು ಲೆಕ್ಕ ಕೇಳುವವರಿಗಾಗಿ, ಓದುವವರಿಗಾಗಿ ಅಲ್ಲ. ಸಂಶೋಧಕರಿಗೆ, ಅವರ ಸಂಸ್ಥೆಗೆ, ಹಣ ಕೊಟ್ಟ ಇಲಾಖೆಗೆ ಒಳಗೆ ಹೋಗಲು ಗುಪ್ತಪದವಿದೆ. ಅಧ್ಯಯನ ನಡೆದ ಊರಿನವರಿಗೆ ಅದಿಲ್ಲ. ಹಣ ಸರಿಯಾಗಿ ಖರ್ಚಾಯಿತೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದೇ ಹೊರತು, ತಿಳಿದುಬಂದ ಸಂಗತಿ ತಲುಪಬೇಕಾದವರಿಗೆ ತಲುಪಿತೇ ಎಂಬ ಪ್ರಶ್ನೆಗೆ ಸಿಗುವುದಿಲ್ಲ.

ಬೇರೆ ಬಗೆಯಲ್ಲಿಯೂ ಇದನ್ನು ಮಾಡಲು ಸಾಧ್ಯವೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿಯೇ ತನ್ನ ವಿಜ್ಞಾನಿಗಳ ಪ್ರಬಂಧಗಳಿಗಾಗಿ ಅಂತರ್ಜಾಲ ಭಂಡಾರವೊಂದನ್ನು ತೆರೆಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯಂತೆ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವ ವ್ಯವಸ್ಥೆ ಬಂದಿತು. ಅವುಗಳನ್ನು ಇರಿಸುವ ಶೋಧಗಂಗಾ ಭಂಡಾರವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. 2014ರ ಡಿಸೆಂಬರಿನಲ್ಲಿ ಮೇಲೆ ಹೇಳಿದ ಎರಡು ಕೇಂದ್ರ ಇಲಾಖೆಗಳು ಮುಕ್ತ ಪ್ರವೇಶ ನೀತಿಯನ್ನು ಪ್ರಕಟಿಸಿದವು. ತಮ್ಮ ಧನಸಹಾಯದಿಂದ ರೂಪುಗೊಂಡ ಪ್ರಬಂಧವು ಪತ್ರಿಕೆಯಲ್ಲಿ ಸ್ವೀಕೃತವಾದ ಎರಡು ವಾರಗಳೊಳಗೆ ಅದರ ಪ್ರತಿಯನ್ನು ಸಾರ್ವಜನಿಕ ಭಂಡಾರಕ್ಕೆ ಸೇರಿಸಬೇಕೆಂದು ಅದು ಹೇಳಿತು. ಆದರೆ ಆ ನೀತಿಯ ಒತ್ತು ಇರುವುದು ಪತ್ರಿಕೆಗಳಲ್ಲಿ ಪ್ರಕಟವಾಗುವ ಪ್ರಬಂಧಗಳ ಮೇಲೆ. ಇಲಾಖೆಗೆ ಸಲ್ಲಿಕೆಯಾಗುವ ಮುಕ್ತಾಯ ವರದಿ ಅದರ ಕೇಂದ್ರದಲ್ಲಿಲ್ಲ. ಪ್ರಬಂಧವು ವಿದ್ವಾಂಸರಿಗಾಗಿ ಬರೆದದ್ದು. ಊರ ಹೆಸರು, ಅಳತೆ, ವಿಫಲವಾದ ಪ್ರಯತ್ನ ಇವೆಲ್ಲ ಹೆಚ್ಚಾಗಿ ಉಳಿಯುವುದು ವರದಿಯಲ್ಲಿ.

ಅಮೆರಿಕದಲ್ಲಿ ಇಂಧನ ಇಲಾಖೆಯ ಹಣ ಪಡೆದವರು ತಮ್ಮ ತಾಂತ್ರಿಕ ವರದಿಯನ್ನು ಆ ಇಲಾಖೆಯ ವೈಜ್ಞಾನಿಕ ಮಾಹಿತಿ ಕಚೇರಿಗೆ ಅಂತರ್ಜಾಲದ ಮೂಲಕ ಸಲ್ಲಿಸುತ್ತಾರೆ. ಗೋಪ್ಯತೆಗೆ ಕಾರಣವಿಲ್ಲದ ವರದಿಗಳು ಅಲ್ಲಿಂದ ನೇರವಾಗಿ ಸಾರ್ವಜನಿಕ ಹುಡುಕಾಟಕ್ಕೆ ಸಿಗುತ್ತವೆ. ಸಲ್ಲಿಸುವ ಬಾಗಿಲೂ ಓದುವ ಬಾಗಿಲೂ ಒಂದೇ ಮನೆಗೆ ಸೇರಿವೆ. ನಮ್ಮಲ್ಲಿ ಸಲ್ಲಿಸುವ ಬಾಗಿಲನ್ನು ಚೆನ್ನಾಗಿಯೇ ಇಟ್ಟಿದ್ದೇವೆ; ಓದುವ ಬಾಗಿಲನ್ನು ಇಡಲು ಮರೆತಿದ್ದೇವೆ. 2025ರ ಜನವರಿಯಿಂದ ಜಾರಿಗೆ ಬಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸಾವಿರಾರು ಪತ್ರಿಕೆಗಳು ದೊರೆಯುವಂತಾಗಿದೆ. ಇಲ್ಲಿರುವ ವಿದ್ಯಾರ್ಥಿಗಳು ಅದರ ಪೂರ್ಣ ಪ್ರಯೋಜನ ಪಡೆಯಬೇಕು. ಆದರೆ ಕಾಲೇಜಿಗೆ ಸೇರದ ರೈತನಿಗೆ ಆ ಬಾಗಿಲೂ ಇಲ್ಲವೆಂಬುದನ್ನು ಮರೆಯಬಾರದು.

ವರದಿ ಬಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆ ಪಶ್ಚಿಮ ಘಟ್ಟದ್ದೇ ಆಗಿದೆ. ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಕೇಂದ್ರ ಪರಿಸರ ಸಚಿವಾಲಯವು 2010ರಲ್ಲಿ ರಚಿಸಿದ ತಜ್ಞರ ಸಮಿತಿ 2011ರ ಆಗಸ್ಟ್ 31ರಂದು ವರದಿ ಸಲ್ಲಿಸಿತು. ಸಚಿವಾಲಯ ಅದನ್ನು ಹೊರಗೆ ಬಿಡಲಿಲ್ಲ. ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದಾಗಲೂ ನಿರಾಕರಿಸಿತು. 2012ರ ಏಪ್ರಿಲಿನಲ್ಲಿ ಕೇಂದ್ರ ಮಾಹಿತಿ ಆಯೋಗ ಬಹಿರಂಗಪಡಿಸಲು ಆದೇಶಿಸಿತು. ಸಚಿವಾಲಯ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು, ಅಲ್ಲಿಯೂ ಸೋತಿತು. ಕೊನೆಗೆ 2012ರ ಮೇ 23ರಂದು ವರದಿ ಜಾಲತಾಣದಲ್ಲಿ ಕಾಣಿಸಿಕೊಂಡಿತು, ಅದೂ ಇಂಗ್ಲಿಷಿನಲ್ಲಿ.

ವಲಯಗಳ ಗಡಿಯನ್ನು ಸ್ಥಳೀಯ ಸಂಸ್ಥೆಗಳೊಡನೆ, ಜನರೊಡನೆ ಚರ್ಚಿಸಿ ಅಂತಿಮಗೊಳಿಸಬೇಕೆಂದು ಹೇಳಿದ್ದ ವರದಿ ಅದು. ಅಂಥ ವರದಿಯೇ ಜನರ ಕೈಗೆ ಸಿಗದೆ ಸುಮಾರು ಒಂಬತ್ತು ತಿಂಗಳು ಕಪಾಟಿನಲ್ಲಿತ್ತು. ಆ ತೆರವಿನಲ್ಲಿ ವದಂತಿ ಬೆಳೆಯಿತು. ಸೆಗಣಿ ಗೊಬ್ಬರ ಹಾಕಬಾರದಂತೆ, ಮನೆಗೆ ಬಣ್ಣ ಬಳಿಯಬಾರದಂತೆ, ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರಂತೆ ಎಂಬ ಮಾತುಗಳು ಘಟ್ಟದ ಊರೂರಲ್ಲಿ ಓಡಾಡಿದವು. ಬಳಿಕ ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ 2013ರ ಏಪ್ರಿಲಿನಲ್ಲಿ ತನ್ನ ವರದಿ ಕೊಟ್ಟಿತು. 2014ರಿಂದ ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು ಬಂದವು. ಆರನೆಯ ಕರಡು ಬಂದದ್ದು 2024ರ ಜುಲೈ 31ರಂದು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ನಿರ್ಧಾರ ಕೈಗೊಂಡಿತು. ಈ ವರದಿಗಳನ್ನು ಒಪ್ಪುವವರೂ ಒಪ್ಪದವರೂ ಈ ಸಭೆಯಲ್ಲಿದ್ದೀರಿ. ಆ ಚರ್ಚೆಯನ್ನು ನಾನಿಂದು ಎತ್ತುವುದಿಲ್ಲ. ಒಪ್ಪುವುದಕ್ಕಾಗಲಿ ವಿರೋಧಿಸುವುದಕ್ಕಾಗಲಿ ಮೊದಲು ಓದಬೇಕು. ಓದಲು ಅದು ನಮ್ಮ ಭಾಷೆಯಲ್ಲಿ, ಸಕಾಲದಲ್ಲಿ ಸಿಗಬೇಕು ಎಂಬುದಷ್ಟೇ ನನ್ನ ವಾದ.

ಇನ್ನು ಜೀವದ ಪ್ರಶ್ನೆಗೆ ಬರೋಣ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿಯ ಸುತ್ತ ಬೆಟ್ಟಗಳು ಜರಿದುದನ್ನು ನಾವು ಕಂಡಿದ್ದೇವೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಕಕ್ಕಡದ ಮಳೆ ಬಂದಾಗಲೆಲ್ಲ ಇಂದಿಗೂ ಕೆಲವು ಮನೆಗಳಲ್ಲಿ ನಿದ್ರೆ ಇಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಿಂದ ದೇಶದ ಬೆಟ್ಟ ಪ್ರದೇಶಗಳ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ತಯಾರಿಸಿದೆ. ‘ಭೂಕೋಶ’ ಎಂಬ ಅದರ ಜಾಲತಾಣದಲ್ಲಿ ಅವು ಲಭ್ಯವಿವೆ. ಇದು ಮೆಚ್ಚಬೇಕಾದ ಕೆಲಸ. ಆದರೆ ನಕ್ಷೆಯ ಪ್ರಮಾಣ ಐವತ್ತು ಸಾವಿರಕ್ಕೆ ಒಂದು. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಂದು ಮಿಲಿಮೀಟರ್ ಎಂದರೆ 50 ಮೀಟರ್. ಒಂದು ಮನೆ, ಒಂದು ಲೈನ್ ಮನೆಯ ಸಾಲು ಅದರಲ್ಲಿ ಚುಕ್ಕೆಯಾಗಿಯೂ ಕಾಣುವುದಿಲ್ಲ. ಯಾವ ಪ್ರದೇಶಕ್ಕೆ ಎಚ್ಚರಿಕೆ ಬೇಕೆಂದು ಅದು ಹೇಳಬಲ್ಲದು. ನಿಮ್ಮ ಮನೆಯ ಹಿಂದಿನ ಬರೆ ನಿಲ್ಲುವುದೇ ಎಂದು ಹೇಳಲಾರದು. ಅದಕ್ಕೆ ಸ್ಥಳ ಪರೀಕ್ಷೆಯೇ ಬೇಕು.

ಈ ವ್ಯತ್ಯಾಸವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿವರಿಸದಿದ್ದರೆ ಎರಡು ಅಪಾಯಗಳಿವೆ. ನಕ್ಷೆಯ ಬಣ್ಣ ನೋಡಿ ಒಬ್ಬ ಸುಮ್ಮನೆ ಹೆದರಿ ಜಾಗ ಮಾರುತ್ತಾನೆ. ಇನ್ನೊಬ್ಬ ತನ್ನ ಜಾಗ ಕೆಂಪು ಬಣ್ಣದಲ್ಲಿಲ್ಲವೆಂದು ಧೈರ್ಯವಾಗಿ ಯಂತ್ರ ತರಿಸಿ ಬರೆಯ ಬುಡವನ್ನು ಕಡಿಸುತ್ತಾನೆ. ಮಾಹಿತಿ ಜಾಲತಾಣದಲ್ಲಿದ್ದ ಮಾತ್ರಕ್ಕೆ ಊರಿಗೆ ತಲುಪಿತೆಂದು ಭಾವಿಸಬಾರದು.

ಎಲ್ಲವನ್ನೂ ಬಯಲಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಅಪರೂಪದ ಸೀತಾಳೆ ಗಿಡ ಅಥವಾ ಬೆಲೆಬಾಳುವ ಔಷಧಿ ಸಸ್ಯ ಇರುವ ನಿಖರ ಜಾಗವನ್ನು ಪ್ರಕಟಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತಾದೀತು. ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಹಿರಿಯರಿಂದ ಪಡೆದ ಸಸ್ಯಜ್ಞಾನವನ್ನು ಅವರ ಒಪ್ಪಿಗೆಯಿಲ್ಲದೆ ಲೋಕಕ್ಕೆಲ್ಲ ಹಂಚುವುದು ನ್ಯಾಯವಲ್ಲ. 2002ರ ಜೀವವೈವಿಧ್ಯ ಕಾಯ್ದೆ ಅಂಥ ಜ್ಞಾನದಿಂದ ಬರುವ ಲಾಭದಲ್ಲಿ ಪಾಲು ಕೊಡಬೇಕೆನ್ನುತ್ತದೆ. ಇಂಥ ವಿವರಗಳನ್ನು ಬೇರ್ಪಡಿಸಿ ಉಳಿದುದನ್ನು ಕೊಡಬಹುದು. ಒಂದು ಪುಟ ಗೋಪ್ಯವೆಂದು ನೂರು ಪುಟಗಳನ್ನು ಮುಚ್ಚಿಡುವುದಕ್ಕೆ ಕಾರಣವಿಲ್ಲ.

ಕಾನೂನು ನಮ್ಮ ಪರವಾಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಜನರು ಕೇಳುವ ಮೊದಲೇ ಮಾಹಿತಿಯನ್ನು ಸರ್ಕಾರವೇ ಪ್ರಕಟಿಸಬೇಕೆನ್ನುತ್ತದೆ. ಹಾಗೆ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನದಲ್ಲಿಡಬೇಕೆಂದು ಅದೇ ಕಲಮು ಹೇಳುತ್ತದೆ. 6ನೆಯ ಕಲಮಿನಂತೆ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವು.

ಆದ್ದರಿಂದ ನಾವು ಕೇಳಬೇಕಾದದ್ದು ಹೆಚ್ಚೇನಲ್ಲ. ಮುಕ್ತಾಯ ವರದಿ ಸಲ್ಲಿಸುವ ನಮೂನೆಯಲ್ಲಿ ಇನ್ನೆರಡು ಅಂಕಣಗಳಿರಲಿ. ಮೊದಲನೆಯದು, ಅಧ್ಯಯನ ನಡೆದ ಗ್ರಾಮಗಳ ಹೆಸರು. ಆಗ ಊರ ಹೆಸರಿನಿಂದಲೇ ವರದಿಯನ್ನು ಹುಡುಕಬಹುದು. ಎರಡನೆಯದು, ಆ ನೆಲದ ಭಾಷೆಯಲ್ಲಿ ಎರಡು ಪುಟಗಳ ಸಾರಾಂಶ. ಹಣ ಬಳಕೆಯ ಪ್ರಮಾಣಪತ್ರವಿಲ್ಲದೆ ಕಂತು ಹೇಗೆ ನಿಲ್ಲುವುದೋ, ಹಾಗೆಯೇ ಈ ಸಾರಾಂಶವಿಲ್ಲದೆ ವರದಿ ಪೂರ್ಣವಾಯಿತೆಂದು ಪರಿಗಣಿಸಬಾರದು. ಅದರ ಮುದ್ರಿತ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಬರಲಿ. ವಿಜ್ಞಾನಿಗಳಿಗೆ ಇದು ಇನ್ನೊಂದು ಹೊರೆಯೆನಿಸಬಹುದು. ಆದರೆ ಮೂರು ವರ್ಷ ದುಡಿದು ಕಂಡುಕೊಂಡದ್ದನ್ನು ಎರಡು ಪುಟಗಳಲ್ಲಿ ಹೇಳುವ ಶ್ರಮ, ಆ ಮೂರು ವರ್ಷ ಅವರಿಗೆ ದಾರಿ ತೋರಿದವರಿಗೆ ಸಲ್ಲಬೇಕಾದ ಋಣವಲ್ಲವೇ?

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ವಿದ್ಯಾರ್ಥಿ ಮಿತ್ರರೇ, ಶೋಧಗಂಗೆಯಲ್ಲಿ ನಿಮ್ಮ ಊರಿನ, ನಿಮ್ಮ ಹೊಳೆಯ ಹೆಸರು ಹಾಕಿ ಹುಡುಕಿ. ಸಿಕ್ಕಿದ ಒಂದು ಪ್ರಬಂಧವನ್ನು ಅಧ್ಯಾಪಕರ ನೆರವಿನಿಂದ ಓದಿ, ಸಾರವನ್ನು ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕಳುಹಿಸಿ. ಗ್ರಾಮದ ಹಿರಿಯರೇ, ಇನ್ನು ಮುಂದೆ ಅಧ್ಯಯನಕ್ಕೆಂದು ಬಂದವರಿಗೆ ಕಾಫಿ ಕೊಟ್ಟು ಉಪಚರಿಸುವಾಗ ಮೂರು ಪ್ರಶ್ನೆ ಕೇಳಿ: ಹಣ ಕೊಟ್ಟವರು ಯಾರು, ಯೋಜನೆಯ ಸಂಖ್ಯೆ ಏನು, ವರದಿ ಎಂದು ಮುಗಿಯುತ್ತದೆ. ಉತ್ತರವನ್ನು ಮಳೆ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಿ. ಆ ದಿನ ಕಳೆದ ಮೇಲೂ ವರದಿ ಬಾರದಿದ್ದರೆ, ಹತ್ತು ರೂಪಾಯಿಯ ಅರ್ಜಿಯಲ್ಲಿ ಏನು ಬರೆಯಬೇಕೆಂಬುದು ಆಗ ನಿಮ್ಮ ಕೈಯಲ್ಲಿಯೇ ಇರುತ್ತದೆ.