ಬಿಚ್ಚಿ ಜೋಡಿಸಿದ ಮೇಲೆ ಲ್ಯಾಪ್‌ಟಾಪ್ ಮುಷ್ಕರ ಹೂಡಿದರೆ
(ತಿಂಗಳ ಸಭೆಯಲ್ಲಿ ನಮ್ಮ ರಿಪೇರಿ ತಂಡದ ಪರವಾಗಿ ಆಡಿದ ಮಾತು)



ಕೈಯಲ್ಲಿ ಮೊಬೈಲ್ ಇರುವಾಗ ಲ್ಯಾಪ್‌ಟಾಪ್ ಎಂತಕ್ಕೆ ಅಂತ ಕೇಳುವವರಿದ್ದಾರೆ. ಆದರೆ ನಮ್ಮ ರೂಮುಗಳಲ್ಲಿರುವ ಹಳೆಯ ಲ್ಯಾಪ್‌ಟಾಪಿನೊಳಗೆ ಏನಿದೆ ನೋಡಿ: ಪಾಸ್‌ಪೋರ್ಟ್, ಇಖಾಮಾದ ಸ್ಕ್ಯಾನ್, ಬಯೋಡೇಟಾ, ಊರಲ್ಲಿ ಕಟ್ಟುತ್ತಿರುವ ಮನೆಯ ಲೆಕ್ಕ, ನಾವಿಲ್ಲದಾಗ ಬೆಳೆದ ಮಕ್ಕಳ ಫೋಟೊ. ಮೆಷಿನ್ ಹೋದರೆ ಇನ್ನೊಂದು ತರಬಹುದು. ಒಳಗಿರುವುದು ಹೋದರೆ ಎಲ್ಲಿಂದ ತರುವುದು?

ಅಂಗಡಿಗೆ ಕೊಟ್ಟರೆ ದುಡ್ಡು, ಹಾಗಾಗಿ ವೀಡಿಯೊ ನೋಡಿ ನಾವೇ ಬಿಚ್ಚುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸುವುದು ತಾಳ್ಮೆ ಇದ್ದವರಿಗೆ ಆಗುವ ಕೆಲಸವೇ. ಕಷ್ಟ ಶುರುವಾಗುವುದು ಮುಚ್ಚಳ ಹಾಕಿದ ಮೇಲೆ. ಆನ್ ಆಗುವುದಿಲ್ಲ, ಅಥವಾ ಆನ್ ಆಗಿ ಸ್ಕ್ರೀನ್ ಕಪ್ಪು. ಆಗ ಗಾಬರಿಯಾಗಿ ಎಲ್ಲವನ್ನೂ ಮತ್ತೆ ಬಿಚ್ಚುತ್ತಾರೆ. ಹಾಗೆ ಮಾಡಬೇಡಿ. ಬಿಚ್ಚುವ ಮೊದಲು ಇಲ್ಲದ ತೊಂದರೆ ಈಗ ಬಂದಿದ್ದರೆ, ನಿಮ್ಮ ಕೈ ಹೋದ ಜಾಗದಲ್ಲೇ ಮೊದಲು ಹುಡುಕಬೇಕು.

ಮೊದಲು ಚಾರ್ಜರ್ ಚುಚ್ಚಿ ನೋಡಿ. ಒಳಗಿನ ಬ್ಯಾಟರಿಯ ವಯರ್ ತೆಗೆದು ಹಾಕಿದ ಮೇಲೆ ಕೆಲವು ಮೆಷಿನ್‌ಗಳು ಚಾರ್ಜರ್ ಕೊಡುವ ತನಕ ಏಳುವುದೇ ಇಲ್ಲ. ಆದರೂ ಏಳದಿದ್ದರೆ ಚಾರ್ಜರ್ ತೆಗೆದು, ಬ್ಯಾಟರಿಯ ವಯರ್ ಬಿಡಿಸಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮತ್ತೆ ಜೋಡಿಸಿ ನೋಡಿ.

ಲೈಟ್ ಬರುತ್ತದೆ, ಸ್ಕ್ರೀನ್ ಇಲ್ಲ ಅಂದರೆ ನಮ್ಮ ಮೊದಲ ಸಂಶಯ ರ‍್ಯಾಮ್ ಮೇಲೆ. ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಅಂತ ಕೂರಬೇಕು. ಹೊಸ ಮಾಡೆಲ್‌ಗಳಲ್ಲಿ ರ‍್ಯಾಮ್ ಬದಲಿಸಿದ ಮೊದಲ ಸಲ ಕೆಲವು ನಿಮಿಷ ಕಪ್ಪು ಸ್ಕ್ರೀನ್ ಇರುವುದುಂಟು, ಆತುರದಲ್ಲಿ ಆಫ್ ಮಾಡಬೇಡಿ. ರೂಮಿನ ಟಿವಿಗೆ ಎಚ್‌ಡಿಎಂಐ ವಯರ್ ಹಾಕಿ ನೋಡಿ. ಅಲ್ಲಿ ಚಿತ್ರ ಬಂದರೆ ತೊಂದರೆ ಸ್ಕ್ರೀನ್ ಕಡೆ ಮಾತ್ರ. ಆ ಕೇಬಲ್ ಮುಟ್ಟುವ ಮೊದಲು ಬ್ಯಾಟರಿ ಬಿಡಿಸಲೇಬೇಕು, ಇಲ್ಲದಿದ್ದರೆ ಹಿಂಬೆಳಕಿನ ಫ್ಯೂಸ್ ಹೋಗಬಹುದು.

ಸಣ್ಣ ತೊಂದರೆಗಳೂ ಇವೆ. ವೈಫೈ ರೂಟರ್ ಪಕ್ಕದಲ್ಲಿ ಮಾತ್ರ ಸಿಗುತ್ತದೆ ಅಂದರೆ ಕಾರ್ಡಿನ ಮೇಲಿನ ಪುಟ್ಟ ವಯರ್‌ಗಳು ಕಳಚಿರುತ್ತವೆ. ಟಚ್‌ಪ್ಯಾಡ್ ಸತ್ತಿದ್ದರೆ ಪಟ್ಟಿ ಕೇಬಲ್‌ನ ಬೀಗ ಹಾಕಿಲ್ಲ. ಬಿಸಿಯಾಗಿ ತಾನಾಗಿ ಆಫ್ ಆದರೆ ಫ್ಯಾನಿನ ವಯರ್ ನೋಡಿ. ಎಲ್ಲ ವೆಬ್‌ಸೈಟೂ ಸುರಕ್ಷಿತವಲ್ಲ ಅಂತ ಹೇಳಿದರೆ ವೈರಸ್ ಅಲ್ಲ ಮಾರಾಯ್ರೆ, ತಾರೀಕು ತಪ್ಪಿದೆ ಅಷ್ಟೆ. ಸ್ಕ್ರೂ ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು: ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಒಳಗಿನ ಬೋರ್ಡನ್ನೇ ತಿವಿಯುತ್ತದೆ.

ಇನ್ನು ನಿಜವಾಗಿ ಹೆದರಬೇಕಾದ ಮಾತು. ರಿಪೇರಿ ಆಗಿ ಆನ್ ಆಯಿತು, ಆದರೆ ನೀಲಿ ಸ್ಕ್ರೀನಿನಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಮದರ್‌ಬೋರ್ಡ್ ಬದಲಾದಾಗ, ಡಿಸ್ಕ್ ಬೇರೆ ಮೆಷಿನ್‌ಗೆ ಹಾಕಿದಾಗ, ಕೆಲವೊಮ್ಮೆ ಬಯಾಸ್ ಸೆಟ್ಟಿಂಗ್ ಬದಲಾದಾಗ ಹೀಗಾಗುತ್ತದೆ. ಇದು ಕೆಟ್ಟದ್ದಲ್ಲ, ಬೀಗ. 48 ಅಂಕಿಗಳ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ, ಮೊಬೈಲಿನಿಂದಲೇ ಲಾಗಿನ್ ಆಗಿ ನೋಡಬಹುದು. ಕೀ ಇಲ್ಲದಿದ್ದರೆ ಕಂಪನಿಯೂ ತೆರೆದುಕೊಡುವುದಿಲ್ಲ.

ನಿಮ್ಮ ಅಕೌಂಟ್ ಅಂದೆವಲ್ಲ, ತೊಡಕು ಅಲ್ಲೇ ಇದೆ. ನಮ್ಮಲ್ಲಿ ಬಹಳಷ್ಟು ಮಂದಿಯದ್ದು ಸೆಕೆಂಡ್‌ ಹ್ಯಾಂಡ್. ಜುಬೈಲ್ ಕಡೆಯ ಡ್ರೈವರ್ ಒಬ್ಬರ ಲ್ಯಾಪ್‌ಟಾಪ್ ಹೀಗೆ ನಿಂತಿತು. ಕೀ ಇದ್ದದ್ದು ಮಾರಿದವನ ಅಕೌಂಟಿನಲ್ಲಿ. ಅವನೋ ಫೈನಲ್ ಎಕ್ಸಿಟ್ ಆಗಿ ಊರು ಸೇರಿದ್ದ, ಸೌದಿ ನಂಬರ್ ಬಂದ್. ಅವನ ಹಳೆಯ ರೂಮ್‌ಮೇಟನ್ನು ಹಿಡಿದು, ಅವನಿಂದ ಊರಿನ ನಂಬರ್ ಪಡೆದು, ಹನ್ನೊಂದನೇ ದಿನ ವಾಟ್ಸಾಪಿನಲ್ಲಿ ಆ ಅಂಕಿಗಳು ಬಂದವು. ಮಗಳ ಮೂರು ವರ್ಷದ ಫೋಟೊಗಳು ಅದರಲ್ಲಿದ್ದವು. ಹೀಗೆ ಎಲ್ಲರಿಗೂ ಸಿಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ತಂದ ದಿನವೇ ಪೂರ್ತಿ ಅಳಿಸಿ, ನಿಮ್ಮದೇ ಅಕೌಂಟ್ ಹಾಕಿ. ಬಿಚ್ಚುವ ಮೊದಲು ಆ ಕೀ ಕಾಗದದಲ್ಲಿ ಬರೆದಿಡಿ, ಫೋಟೊ ಮತ್ತು ದಾಖಲೆಗಳನ್ನು ಬೇರೊಂದು ಡಿಸ್ಕಿಗೆ ಕಾಪಿ ಮಾಡಿ.

ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆ ಬಂದಿದ್ದರೆ ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ರಜೆಗೆ ಹೋಗುವಾಗ ಊರಲ್ಲಿ ಸರಿ ಮಾಡಿಸುವಾ ಅಂತ ಬ್ಯಾಗಿಗೆ ಹಾಕುವವರಿದ್ದಾರೆ. ಕೆಟ್ಟ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಬಿಡಿ ಬ್ಯಾಟರಿ ಚೆನ್ನಾಗಿದ್ದರೂ ಚೆಕ್-ಇನ್ ಲಗೇಜಿನಲ್ಲಿ ಹಾಕಬಾರದು, ಕೈ ಬ್ಯಾಗಿನಲ್ಲೇ ಇರಬೇಕು.

ಇಷ್ಟಾಗಿಯೂ ಏಳದಿದ್ದರೆ ಶುಕ್ರವಾರ ಸಂಜೆ ನಮ್ಮ ಹತ್ತಿರ ತನ್ನಿ. ಬಿಚ್ಚುವಾಗ ತೆಗೆದ ಫೋಟೊ ಇದ್ದರೆ ತೋರಿಸಿ, ಏನೇನು ಮುಟ್ಟಿದ್ದೀರಿ ಅಂತ ಮುಚ್ಚಿಡದೆ ಹೇಳಿ, ಉಳಿದ ಸ್ಕ್ರೂಗಳನ್ನೂ ತನ್ನಿ. ಚಾರ್ಜರ್ ಮರೆಯಬೇಡಿ, ಅರ್ಧ ಮಂದಿ ಅದನ್ನೇ ರೂಮಿನಲ್ಲಿ ಬಿಟ್ಟು ಬರುತ್ತಾರೆ.