ಒತ್ತಡದ ಆಮ್ಲಜನಕ: ಸಾಲ ಮಾಡುವ ಮುನ್ನ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮುಚ್ಚಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಗಾಳಿಯ ಒತ್ತಡವನ್ನು ಎರಡು-ಮೂರು ಪಟ್ಟು ಏರಿಸಿ, ರೋಗಿಯು ಶುದ್ಧ ಆಮ್ಲಜನಕ ಉಸಿರಾಡುವಂತೆ ಮಾಡುವ ಚಿಕಿತ್ಸೆಯೊಂದುಂಟು. ಅದು ಬೂಟಾಟಿಕೆಯಲ್ಲ. ಬಾಗಿಲು ಮುಚ್ಚಿ ಇದ್ದಿಲ ಶೆಗಡಿಯ ಬಳಿ ಮಲಗಿದವನ ರಕ್ತಕ್ಕೆ ಕಾರ್ಬನ್ ಮೊನಾಕ್ಸೈಡ್ ವಿಷ ಸೇರಿದರೆ, ಅದನ್ನು ಬೇಗನೆ ಹೊರದೂಡಲು ಈ ಚಿಕಿತ್ಸೆ ನೆರವಾಗುತ್ತದೆ. ಆದರೆ ಅಂಥ ಕೋಣೆ ಎಲ್ಲ ಆಸ್ಪತ್ರೆಗಳಲ್ಲೂ ಇಲ್ಲ. ಅದನ್ನು ಹುಡುಕುತ್ತ ಕಾಲ ಕಳೆಯದೆ, ರೋಗಿಯನ್ನು ಬಯಲಿಗೆ ತಂದು, ಹತ್ತಿರದ ಆಸ್ಪತ್ರೆಗೆ ಒಯ್ದು ಮೊದಲು ಮುಖವಾಡದ ಆಮ್ಲಜನಕ ಕೊಡಿಸೋಣ.

ಸೆರಿಬ್ರಲ್ ಪಾಲ್ಸಿಯ ಮಕ್ಕಳ ಸಂಗತಿ ಬೇರೆ. ಕೆನಡಾದಲ್ಲಿ ಅಂಥ 111 ಮಕ್ಕಳನ್ನು ಪರೀಕ್ಷಿಸಿದ ವರದಿ 2001ರಲ್ಲಿ ಹೊರಬಿತ್ತು. ಒಂದು ಗುಂಪಿಗೆ ಒತ್ತಡದ ಆಮ್ಲಜನಕ, ಇನ್ನೊಂದಕ್ಕೆ ತುಸುವೇ ಒತ್ತಿದ ಬರಿಯ ಗಾಳಿ, ತಲಾ 40 ಬಾರಿ. ಎರಡು ಗುಂಪುಗಳೂ ಸಮನಾಗಿಯೇ ಸುಧಾರಿಸಿದುವು. ಆಮ್ಲಜನಕದ ಹೆಚ್ಚುಗಾರಿಕೆ ಕಾಣಲಿಲ್ಲ. ಈ ರೋಗಕ್ಕೂ ಆಟಿಸಂಗೂ ಇದರ ಗುಣ ಸಿದ್ಧವಾಗಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2013ರಲ್ಲಿ ಜನರನ್ನು ಎಚ್ಚರಿಸಿತು.

ಮಗುವಿಗಾಗಿ ನಾವು ಏನನ್ನೂ ಮಾರಲು ಹಿಂಜರಿಯೆವು. ಆದುದರಿಂದಲೇ ಹೇಳುತ್ತೇವೆ: ಬಳೆ ಒತ್ತೆಯಿಡುವ ಮುನ್ನ ಸರಕಾರಿ ಆಸ್ಪತ್ರೆಯ ನರರೋಗ ವೈದ್ಯರನ್ನು ಕೇಳೋಣ. ಕೈಯಲ್ಲಿರುವ ಕಾಸು ಮಗುವಿನ ನಿತ್ಯದ ಅಂಗಸಾಧನೆಗೆ ಸಲ್ಲಲಿ.