ಗುರುಗ್ರಾಮದ ಒಂದು ನೋಟುಪುಸ್ತಕ

ಬರೆಯುವ ಆಸೆಯೇನೋ ಇದೆ, ಪುರುಸೊತ್ತು ಎಲ್ಲಿದೆ ಅನ್ನುವವರು ಬಹಳ ಮಂದಿ. ಅಂಥವರಿಗೊಂದು ನಿಜಕಥೆ. ದೆಹಲಿ ಪಕ್ಕದ ಗುರುಗ್ರಾಮದ ಮನೆಯೊಂದರಲ್ಲಿ ಬೇಬಿ ಹಾಲ್ದಾರ್ ಕಸಮುಸುರೆ ಮಾಡುತ್ತಿದ್ದರು. ಹನ್ನೆರಡನೇ ವಯಸ್ಸಿಗೇ ಮದುವೆ. ಗಂಡನ ಹೊಡೆತ ತಾಳದೆ, ಮೂವರು ಮಕ್ಕಳನ್ನು ಕಟ್ಟಿಕೊಂಡು ದೆಹಲಿ ರೈಲು ಹತ್ತಿದವರು. ಆ ಮನೆಯ ಯಜಮಾನರು ಪ್ರಬೋಧ್ ಕುಮಾರ್, ನಿವೃತ್ತ ಪ್ರಾಧ್ಯಾಪಕರು, ಹಿಂದಿ ಕಥೆಗಾರ ಪ್ರೇಮಚಂದರ ಮೊಮ್ಮಗ. ಧೂಳು ಒರೆಸುವಾಗ ಬಂಗಾಳಿ ಪುಸ್ತಕಗಳ ಮುಂದೆ ಆಕೆಯ ಕೈ ನಿಧಾನವಾಗುವುದನ್ನು ಅವರು ಗಮನಿಸಿದರು. ಓದಲು ಬಾಂಗ್ಲಾದೇಶದ ಲೇಖಕಿ ತಸ್ಲೀಮಾ ನಸ್ರೀನರ ಆತ್ಮಕಥೆ ಕೊಟ್ಟರು. ಆಮೇಲೆ ಒಂದು ನೋಟುಪುಸ್ತಕ, ಒಂದು ಪೆನ್ನು. ಕೆಲಸ ಮುಗಿದ ಮೇಲೆ, ರಾತ್ರಿ ಹೊತ್ತು ಆಕೆ ಬರೆದರು. ಅದೇ ಆಕೆಯ ಆತ್ಮಕಥೆ ‘ಆಲೋ ಆಂಧಾರಿ’. 2002ರಲ್ಲಿ ಹಿಂದಿಯಲ್ಲಿ, 2006ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು.

ಇದು ಬರೀ ಬದುಕಿನ ವರದಿ, ಕಥೆ ಕಟ್ಟುವ ಕಲೆ ಎಲ್ಲಿದೆ ಎಂದು ಕೇಳಬಹುದು. ಪುಸ್ತಕ ತೆರೆದು ನೋಡಿ. ‘ನಾನು’ ಎಂದು ಹೇಳುತ್ತಾ ಹೋದವರು, ಇದ್ದಕ್ಕಿದ್ದಂತೆ ‘ಬೇಬಿ’ ಎಂದು ತಮ್ಮನ್ನೇ ದೂರ ನಿಲ್ಲಿಸಿ ನೋಡುತ್ತಾರೆ. ಯಾವ ನೋವನ್ನು ಹತ್ತಿರದಿಂದ ಹೇಳಬೇಕು, ಯಾವುದನ್ನು ದೂರದಿಂದ ಎನ್ನುವ ಈ ಅಳತೆಗೇ ಕಥೆಗಾರಿಕೆ ಎನ್ನುವುದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲರಿಗೂ ಪ್ರಬೋಧ್ ಕುಮಾರ್ ಸಿಗುತ್ತಾರೆಯೇ? ಸಿಗುವುದಿಲ್ಲ, ಒಪ್ಪೋಣ. ಬಿಡುವಿಲ್ಲದೆಯೂ ಬರೆಯಬಹುದು, ಓದುವವರೇ ಇಲ್ಲದಿದ್ದರೆ ಕಷ್ಟ. ಆದರೆ ಪ್ರಬೋಧ್ ಕುಮಾರ್ ಮಾಡಿದ್ದಾದರೂ ಏನು? ಬರೆದ ಪುಟಗಳನ್ನು ಓದಿದರು, ಗೆಳೆಯರಿಗೆ ತೋರಿಸಿದರು, ಹಿಂದಿಗೆ ತಂದರು. ಹೆಸರು ಬಂದ ಮೇಲೂ ಬೇಬಿ ಕೂಡಲೇ ಆ ಮನೆಯ ಕೆಲಸ ಬಿಡಲಿಲ್ಲ. ಮುಂದಿನ ಪುಸ್ತಕವನ್ನೂ ಅದರ ನಡುವೆಯೇ ಬರೆದರು.